ತಡವಾಗಿ ಬಿದ್ದ ಪೆಟ್ಟು

ಆ ಹಾಡು ನಿಮಗೆ ಗೊತ್ತು. ಗೊತ್ತಿಲ್ಲ ಅನ್ನಬೇಡಿ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದು ಕೂತ ಕುರ್ಚಿಯಲ್ಲಿ, ಎಲ್ಲಿ ಹೋದರೂ ಅದು ಬೆನ್ನು ಬಿಟ್ಟಿಲ್ಲ. ಬಿಟ್ಟು ಹೋದವಳ ಹಾಡನ್ನು ಮದುವೆಯಲ್ಲಿ ಹಾಕುವವರ ಬುದ್ಧಿಗೆ ಏನು ಹೇಳುವುದೋ ನನಗೆ ತಿಳಿಯದು. ‘ಹೋಗುವುದಾದರೆ ದೀಪ ಆರಿಸಿ ಹೋಗು’ ಎಂದು ಗಾಯಕ ಎಳೆಯುತ್ತಾನೆ, ಎಳೆಯುತ್ತಲೇ ಇರುತ್ತಾನೆ, ಗಿಟಾರ್ ನಿಂತುಹೋಗುತ್ತದೆ, ಅವನ ದನಿ ಹಳೇ ಬಟ್ಟೆಯ ಹಾಗೆ ಹರಿಯುತ್ತದೆ. ಆಮೇಲೆ ಏನೂ ಇಲ್ಲ. ಒಂದು ಲೋಟ ನೀರು ಬಗ್ಗಿಸಿಕೊಂಡು, ಕುಡಿದು, ಲೋಟ ಕೆಳಗಿಡಬಹುದು, ಅಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಡ್ರಮ್ಸ್ ಬಂದು ಬೀಳುತ್ತದೆ, ಜನಕ್ಕೆ ಮೈ ಜುಮ್ಮೆನ್ನುತ್ತದೆ. ಅಂಥ ಮೌನವನ್ನು ಹಾಡಿನ ನಡುವೆ ಇಡಲು ಗಂಡೆದೆ ಬೇಕು ಎಂದು ಪತ್ರಿಕೆಗಳಲ್ಲಿ ಬರೆದರು.

ಆ ಮೌನ ಇಟ್ಟವರು ನನ್ನ ಗಂಡ. ಎದೆಗಾರಿಕೆಯಿಂದ ಇಟ್ಟಿದ್ದಲ್ಲ. ಅವರಿಗೆ ಕಿವಿ ಕೇಳುತ್ತಿರಲಿಲ್ಲ.

ಡ್ರಮ್ಸ್ ಬಾರಿಸುತ್ತಿದ್ದ ಅವರನ್ನು ಬ್ಯಾಂಡಿನಲ್ಲಿ ಎಲ್ಲರೂ ಗುಡುಗಣ್ಣ ಎನ್ನುತ್ತಿದ್ದರು. ನಾಲ್ಕು ಜನರ ಗುಂಪು. ಹಾಡುವವನನ್ನು ನವಿಲು ಅನ್ನುತ್ತಿದ್ದರು, ಅವನ ಬಟ್ಟೆ ನೋಡಿದರೆ ಯಾಕೆಂದು ಕೇಳಬೇಕಾಗಿರಲಿಲ್ಲ. ಗಿಟಾರಿನವನು ಹಗಲು ಮಕ್ಕಳಿಗೆ ಗಿಟಾರ್ ಪಾಠ ಹೇಳುತ್ತಿದ್ದ, ಅದಕ್ಕೆ ಮೇಷ್ಟ್ರು. ಬೇಸ್ ಗಿಟಾರ್ ನುಡಿಸುವ ಡುಮ್ಮ ನನ್ನ ಗಂಡನ ಜೊತೆ ಒಂದೇ ಬೀದಿಯಲ್ಲಿ ಬೆಳೆದವನು, ನನ್ನನ್ನು ಅತ್ತಿಗೆ ಎಂದು ಕರೆಯುವವನು. ಇವರು ಮಾಡುತ್ತಿದ್ದುದಕ್ಕೆ ಸಂಗೀತ ಎಂದು ಹೆಸರು. ನನ್ನ ಅಮ್ಮ ಒಮ್ಮೆ ಕೇಳಿ, ‘ಯಾರಾದರೂ ಬಿದ್ದರೇನೇ?’ ಎಂದಿದ್ದಳು. ಕಿವಿಗೆ ಗಾಳಿ ಹೊಕ್ಕ ಕರುಗಳ ಹಾಗೆ ಕುಣಿಯುತ್ತಿದ್ದರು, ಅಷ್ಟೇ ಸಂತೋಷವಾಗಿಯೂ ಇದ್ದರು. ಅದನ್ನು ನಾನು ಒಪ್ಪಲೇಬೇಕು. ಕೋಲು ಹಿಡಿದಾಗ ನನ್ನ ಗಂಡನ ಮುಖದಲ್ಲಿ ಬರುತ್ತಿದ್ದ ಕಳೆ ನನ್ನನ್ನು ನೋಡಿದಾಗಲೂ ಬಂದದ್ದಿಲ್ಲ, ಆ ಹೊಟ್ಟೆಕಿಚ್ಚು ನನಗೆ ಇದ್ದೇ ಇತ್ತು.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಕಣ್ಣು ಪರೀಕ್ಷೆಗೆ ಬಂದವರಲ್ಲಿ ಕಳ್ಳರಿರುತ್ತಾರೆ. ಬೆಂಚಿನ ಮೇಲೆ ಕಾಯುತ್ತ, ಮುಂದಿನವರು ಬೋರ್ಡಿನ ಅಕ್ಷರ ಓದುವುದನ್ನು ಕೇಳಿ ಬಾಯಿಪಾಠ ಮಾಡಿಕೊಂಡುಬಿಡುತ್ತಾರೆ. ತಮ್ಮ ಸರದಿ ಬಂದಾಗ ಗಿಳಿ ಹೇಳಿದ ಹಾಗೆ ಒಪ್ಪಿಸುತ್ತಾರೆ. ಕಣ್ಣು ಮಂಜಾಗಿದೆ ಎಂದು ಒಪ್ಪಿಕೊಳ್ಳುವುದು ಅಷ್ಟು ಕಷ್ಟ. ನಾನು ಬೋರ್ಡು ತಿರುಗಿಸಿಬಿಡುತ್ತೇನೆ, ಆಗ ಅವರು ಪೆಚ್ಚಾಗಿ ನಗುತ್ತಾರೆ.

ಮನೆಯಲ್ಲೇ ಅಂಥ ಕಳ್ಳ ಇದ್ದಾನೆಂದು ನನಗೆ ಬೇಗ ಗೊತ್ತಾಗಲಿಲ್ಲ. ಮೊದಮೊದಲು ಮಾತಾಡುವಾಗ ನನ್ನ ಕಣ್ಣು ಬಿಟ್ಟು ತುಟಿ ನೋಡುತ್ತಿದ್ದರು, ನಾನು ಬೇರೆ ಏನೋ ಅಂದುಕೊಂಡು ನಾಚಿಕೊಂಡಿದ್ದೂ ಉಂಟು. ಆಮೇಲೆ ಅಡಿಗೆಮನೆಯಿಂದ ಕರೆದರೆ ಉತ್ತರ ಬರುತ್ತಿರಲಿಲ್ಲ. ಒಂದು ದಿನ ಬೆನ್ನ ಹಿಂದೆ ನಿಂತು, ‘ನಿಮ್ಮ ತಲೆ ಮೇಲೆ ಹಲ್ಲಿ ಇದೆ’ ಎಂದೆ. ಅವರು ಪೇಪರ್ ಮಡಿಚಿ ಮುಂದಿನ ಪುಟ ಓದಿದರು. ಹಲ್ಲಿ ಕಂಡರೆ ಕುರ್ಚಿ ಹತ್ತುವ ಮನುಷ್ಯ.

ಕಿವಿಯ ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. “ಕಿವಿ ಒಳಗೆ ಸಣ್ಣ ಸಣ್ಣ ಕೂದಲು ಇರ್ತವೆ. ಶಬ್ದಕ್ಕೆ ಸಿಕ್ಕಿ ಸತ್ತೋಗಿವೆ. ಮತ್ತೆ ಹುಟ್ಟಲ್ಲ. ಮೆಷಿನ್ ಹಾಕಿದ್ರೆ ಜೋರಾಗಿ ಕೇಳುತ್ತೆ, ಆದ್ರೆ ಏನು ಕೇಳ್ತಿದೆ ಅಂತ ಗೊತ್ತಾಗಲ್ಲ. ಡ್ರಮ್ಸ್ ನಿಲ್ಲಿಸಿ, ಉಳಿದಿದ್ದಾದ್ರೂ ಉಳೀಲಿ.”

ಇದನ್ನು ನಾನು ಮನೆಗೆ ಬಂದು ಅವರಿಗೆ ನಿಧಾನವಾಗಿ, ತುಟಿ ಬಿಡಿಸಿ ಬಿಡಿಸಿ ಹೇಳಿದೆ. ಕೇಳಿಸಿಕೊಂಡರು, ಅಂದರೆ ನೋಡಿದರು. “ಡ್ರಮ್ಸ್ ನಿಲ್ಲಿಸಿ ಕಿವಿ ಇಟ್ಕೊಂಡು ಏನು ಮಾಡ್ಲಿ?” ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮಾತು ಕೇಳೋದಕ್ಕಾದರೂ ಇಟ್ಕೊಳ್ಳಿ ಅನ್ನಬೇಕಿತ್ತು, ಅನ್ನಲಿಲ್ಲ. ಅದು ಕೇಳಿ ಪಡೆಯುವಂಥದ್ದಲ್ಲ.

ವಿಷಯ ಗೊತ್ತಿದ್ದ ಮೂರನೆಯವನು ಡುಮ್ಮ. ಬ್ಯಾಂಡಿನಲ್ಲಿ ಅವನೇ ಇವರ ಕಿವಿ. ವೇದಿಕೆಯ ಮೇಲೆ ಇವರ ಪಕ್ಕದಲ್ಲೇ ನಿಂತು ಮೊಣಕಾಲು ಕುಣಿಸುತ್ತಿದ್ದ, ಇವರು ಆ ಮೊಣಕಾಲು ನೋಡಿಕೊಂಡು ಬಾರಿಸುತ್ತಿದ್ದರು. ಅವನ ಬೇಸ್ ಗಿಟಾರಿನ ಗುಂಯ್‌ಗುಡುವಿಕೆ ಇವರು ಕೂತ ಸ್ಟೂಲಿನಲ್ಲಿ, ಬೆನ್ನುಹುರಿಯಲ್ಲಿ ಹತ್ತಿ ಬರುತ್ತಿತ್ತು. ಹಳೆಯ ಹಾಡುಗಳೆಲ್ಲ ಬಾಯಿಪಾಠ. ಆದರೂ ಜೋರು ಓಟದ ಹಾಡುಗಳಲ್ಲಿ ಅಲ್ಲಲ್ಲಿ ಎಡವತೊಡಗಿದ್ದರು. ನವಿಲು ಹುಬ್ಬು ಗಂಟಿಕ್ಕಲು ಶುರು ಮಾಡಿದ್ದ. ಆಗ ಡುಮ್ಮ ಒಂದು ಉಪಾಯ ತೆಗೆದ.

“ಎಲ್ಲಾ ಬರೀ ಹೊಡಿ ಬಡಿ ಆಯ್ತು,” ಎಂದ. “ನಿಧಾನದ್ದು ಒಂದು ಮಾಡೋಣ. ನವಿಲು ಅಳಲಿ, ಜನ ಅಳಲಿ. ಗುಡುಗಣ್ಣನಿಗೂ ಸ್ವಲ್ಪ ಉಸಿರಾಡೋಕೆ ಆಗುತ್ತೆ.”

ನವಿಲಿಗೆ ಇದು ಬೇಕೇ ಆಗಿತ್ತು. ಅವನ ಹುಡುಗಿ ಅವನನ್ನು ಬಿಟ್ಟು ಒಬ್ಬ ಹಲ್ಲಿನ ಡಾಕ್ಟರನ್ನು ಮದುವೆಯಾಗಿ ಆಗಷ್ಟೇ ಹೋಗಿದ್ದಳು. ಒಂದು ಬೆಳಗ್ಗೆ ಕೂತು ಪದ ಬರೆದ, ಮೇಷ್ಟ್ರು ಸ್ವರ ಹಾಕಿದ. ಹಾಗೆ ಹುಟ್ಟಿದ್ದು ಆ ಹಾಡು. ಲೋಕವೆಲ್ಲ ಅದು ಹೆಣ್ಣಿಗಾಗಿ ಹುಟ್ಟಿತು ಎಂದುಕೊಂಡಿದೆ. ಹುಟ್ಟಿದ್ದು ನನ್ನ ಗಂಡನ ಗುಟ್ಟು ಮುಚ್ಚುವುದಕ್ಕೆ.

ಡುಮ್ಮ ಒಳ್ಳೆಯವನು, ಆದರೆ ಇಲ್ಲಿ ಅವನ ಲೆಕ್ಕ ತಪ್ಪಿತು. ಗಲಾಟೆಯಲ್ಲಿ ಕಿವುಡ ಅಡಗಬಹುದು. ಎಲ್ಲರೂ ಒಟ್ಟಿಗೆ ಕಿರುಚುವಾಗ ಯಾರು ಎಲ್ಲಿ ಎಡವಿದರು ಎಂದು ದೇವರಿಗೇ ಗೊತ್ತಾಗುವುದಿಲ್ಲ. ನಿಧಾನದ ಹಾಡಿನಲ್ಲಿ ಅಡಗಲು ಜಾಗವೇ ಇಲ್ಲ. ಅದರಲ್ಲೂ ಈ ಹಾಡಿನ ಅರ್ಧ ಭಾಗ ಬರೀ ದನಿ, ಬರೀ ಮೆತ್ತಗಿನ ಗಿಟಾರ್. ಬೇಸೇ ಇಲ್ಲ. ಎಂದರೆ ಸ್ಟೂಲಿನಲ್ಲಿ ಹತ್ತಿ ಬರುವುದು ಏನೂ ಇಲ್ಲ. ನವಿಲಿನ ಎತ್ತರದ ದನಿ ನನ್ನ ಗಂಡನ ಕಿವಿಗೆ ಬೀಳುವುದು ನಿಂತು ಬಹಳ ಕಾಲವಾಗಿತ್ತು. ‘ಹೋಗು’ ಎಂಬ ಪದಕ್ಕೆ ಅವನ ತುಟಿ ಸುತ್ತಿದ ಕೂಡಲೇ ಕೋಲು ಬೀಳಬೇಕು, ತುಟಿ ನೋಡಿಕೊಂಡರೆ ಸಾಕು ಎಂದು ಇವರೂ ಡುಮ್ಮನೂ ಗುಟ್ಟಾಗಿ ಮಾತಾಡಿಕೊಂಡಿದ್ದರು.

ರೆಕಾರ್ಡಿಂಗ್ ದಿನ ನಾನು ಅಲ್ಲಿದ್ದೆ. ಮೇಷ್ಟ್ರ ಕನ್ನಡಕದ ಕಡ್ಡಿ ಮುರಿದಿತ್ತು, ಹೊಸದು ಹಾಕಿಸಿಕೊಂಡು ಮಧ್ಯಾಹ್ನ ಸ್ಟುಡಿಯೋಗೆ ಹೋಗಿದ್ದೆ. ಒಳಗೆ ಒಬ್ಬೊಬ್ಬರನ್ನೂ ಒಂದೊಂದು ಗಾಜಿನ ಕೋಣೆಯಲ್ಲಿ ಕೂಡಿಹಾಕಿದ್ದರು. ಇವರ ಕೋಣೆ ಹಿಂದೆ, ನವಿಲಿನದು ಮುಂದೆ, ನಡುವೆ ಗಾಜು. ಡುಮ್ಮನ ಕೋಣೆ ಇವರ ಕಣ್ಣಿಗೆ ಬೀಳದ ಮೂಲೆಯಲ್ಲಿತ್ತು. ಸೌಂಡ್ ಇಂಜಿನಿಯರ್ ನನ್ನನ್ನು ತನ್ನ ಹಿಂದಿನ ಸೋಫಾದಲ್ಲಿ ಕೂರಿಸಿ, ಉಸಿರೂ ಬಿಡಬೇಡಿ ಎಂಬಂತೆ ನೋಡಿದ.

ಹಾಡು ಶುರುವಾಯಿತು. ನವಿಲು ಚೆನ್ನಾಗಿಯೇ ಹಾಡುತ್ತಿದ್ದ, ಇಲ್ಲ ಅನ್ನಲಾರೆ. ಇವರು ಕೋಲು ಎತ್ತಿಕೊಂಡು ಗಾಜಿನಾಚೆ ಅವನ ತುಟಿಯನ್ನೇ ನೋಡುತ್ತಿದ್ದರು. ‘ದೀಪ ಆರಿಸಿ ಹೋಗು’ ಎಂಬ ಸಾಲಿಗೆ ಬರುವಾಗ ನವಿಲಿಗೆ ಹಲ್ಲಿನ ಡಾಕ್ಟರು ನೆನಪಾದನೋ ಏನೋ, ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗಿಬಿಟ್ಟ.

ನಾನು ಸೋಫಾದ ತುದಿಗೆ ಬಂದೆ. ನವಿಲು ‘ಹೋಗು’ ಎಂದ. ಕೋಲು ಬೀಳಲಿಲ್ಲ. ಬೀಳುತ್ತದೆ ಎಂದು ಅವನು ಎಳೆದ. ಬೀಳಲಿಲ್ಲ. ಮೇಷ್ಟ್ರು ಗಾಬರಿಯಾಗಿ ಗಿಟಾರಿನ ಮೇಲಿಂದ ಕೈ ತೆಗೆದ. ನವಿಲು ಎಳೆಯುತ್ತಲೇ ಇದ್ದ, ದನಿ ಒಡೆಯಿತು, ಹರಿಯಿತು, ನಿಂತಿತು. ನನ್ನ ಗಂಡ ಆ ಗಾಜಿನ ಡಬ್ಬದಲ್ಲಿ ಕೋಲು ಎತ್ತಿಕೊಂಡು, ಅವನ ಬೆನ್ನು ನೋಡುತ್ತ, ಮಗುವಿನಂಥ ಮುಖ ಮಾಡಿಕೊಂಡು ಕಾಯುತ್ತಿದ್ದರು. ಅವರ ಮಟ್ಟಿಗೆ ಹಾಡು ಇನ್ನೂ ನಡೆಯುತ್ತಿತ್ತು. ಎದ್ದು ಗಾಜು ಬಡಿಯೋಣ ಎನಿಸಿತು, ಬಡಿದರೆ ಅವರಿಗೆ ಕೇಳುವುದಿಲ್ಲ, ಉಳಿದವರಿಗೆಲ್ಲ ಕೇಳುತ್ತದೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ನವಿಲೇ ಇವನೇನು ನಿದ್ದೆ ಮಾಡುತ್ತಿದ್ದಾನಾ ಎಂದು ಸಿಟ್ಟಿನಿಂದ ತಿರುಗಿದ. ಇವರಿಗೆ ಅವನ ಮುಖ ಕಂಡಿತು, ತಡವಾಗಿದೆ ಎಂದು ಹೊಳೆಯಿತು. ಆ ಹೆದರಿಕೆಯಲ್ಲಿ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬಾರಿಸಿದರು. ಉಳಿದವರು ಏನು ಮಾಡುವುದೆಂದು ತೋಚದೆ ಹಿಂದೆಯೇ ಬಂದರು.

ಹಾಡು ಮುಗಿದಾಗ ಇಂಜಿನಿಯರ್ ಎದ್ದು ನಿಂತಿದ್ದ. “ಯಾರೂ ಇದನ್ನ ಮುಟ್ಬೇಡಿ,” ಎಂದ. “ಇನ್ನೊಂದ್ಸಲ ಹಾಡೋದು ಬೇಡ. ಇದೇ.”

ನನ್ನ ಗಂಡ ಕ್ಷಮೆ ಕೇಳುವ ಮುಖ ಹೊತ್ತುಕೊಂಡು ಹೊರಗೆ ಬಂದರು. ಇಂಜಿನಿಯರ್ ಓಡಿಹೋಗಿ ತಬ್ಬಿಕೊಂಡ. ಅವರು ಅವನ ಭುಜದ ಮೇಲಿಂದ ನನ್ನನ್ನು ನೋಡಿದರು, ಏನಾಯಿತು ಎಂದು ಕಣ್ಣಲ್ಲೇ ಕೇಳಿದರು. ಆ ಹೊತ್ತಿನಲ್ಲಿ ಅಲ್ಲಿ ಏನು ತಾನೇ ಹೇಳಲಿ? ಮನೆಗೆ ಬಂದ ಮೇಲೆ ತಾವೇ ಮಾತು ತೆಗೆದರು. “ಒಂದು ಚೂರು ತಡ ಮಾಡ್ಬಿಟ್ಟೆ ಕಣೇ. ಒಂದೇ ಚೂರು. ಅದೇ ಇಷ್ಟ ಆಯ್ತಂತೆ ಅವರಿಗೆ, ಹುಚ್ಚರು.” ಅವರ ಲೆಕ್ಕದಲ್ಲಿ ಅದು ಕಣ್ಣು ಮಿಟುಕಿಸುವಷ್ಟು. ರೆಕಾರ್ಡು ಹಾಕಿ ಕೇಳಿದರೆ ತಿಳಿಯುತ್ತಿತ್ತು, ಕೇಳುವ ಕಿವಿ ಎಲ್ಲಿತ್ತು? ಡುಮ್ಮನೂ ಚೂರೇ ಎಂದ. ಯಾರಿಗೂ ಅವರ ಮುಂದೆ ಕೈ ಅಗಲಿಸಿ ತೋರಿಸುವ ಮನಸ್ಸಾಗಲಿಲ್ಲ.

ಮುಂದಿನದು ನಿಮಗೆ ಗೊತ್ತೇ ಇದೆ. ಹಾಡು ಕಾಡ್ಗಿಚ್ಚಿನ ಹಾಗೆ ಹಬ್ಬಿತು. ನವಿಲಿಗೆ ಆಕಾಶಕ್ಕೆ ಮೂರೇ ಗೇಣು. ಟಿ.ವಿ.ಯಲ್ಲಿ ಕೂತು, “ಆ ಮೌನ ಮೊದಲೇ ನನ್ನ ಮನಸ್ಸಲ್ಲಿತ್ತು. ನನ್ನ ಎದೆ ಒಡೆಯೋವರೆಗೂ ಬಾರಿಸ್ಬೇಡ ಅಂತ ಗುಡುಗಣ್ಣನಿಗೆ ನಾನೇ ಹೇಳಿದ್ದೆ,” ಎಂದ. ನಾನು ಟಿ.ವಿ.ಗೆ ಬೈದೆ. ನನ್ನ ಗಂಡ ಅವನ ತುಟಿ ಓದಿ ನಕ್ಕರು. “ಹೇಳ್ಕೊಳ್ಲಿ ಬಿಡು. ನಿಜ ಹೇಳಿದ್ರೆ ನನಗೇ ಕುತ್ತು,” ಎಂದರು. ಪೇಪರಿನವರು ಮೌನ ಎಂದು ಬರೆದದ್ದನ್ನೂ ಒಂದು ಚೂರನ್ನು ಊದಿಸಿದ್ದು ಎಂದೇ ಓದಿಕೊಂಡಿದ್ದರು. ಅದೂ ಸರಿಯೇ. ಅವನು ಕದ್ದದ್ದೇ ಇವರಿಗೆ ರಕ್ಷಣೆಯಾಯಿತು. ಕೆಲವು ತಿಂಗಳ ಮಟ್ಟಿಗೆ.

ಆ ಹಾಡು ಇನ್ನೂ ವೇದಿಕೆ ಹತ್ತಿರಲಿಲ್ಲ, ದೊಡ್ಡ ಕಂಪನಿಯೊಂದು ಊರೂರು ಸುತ್ತುವ ಕಾರ್ಯಕ್ರಮ ಹಾಕಿತು. ದೊಡ್ಡ ವೇದಿಕೆ, ದೀಪ, ಹಿಂದೆ ಮನೆಯಷ್ಟೆತ್ತರದ ಪರದೆ. ದೀಪವೂ ಪರದೆಯೂ ಹಾಡೂ ಒಂದೇ ತಾಳಕ್ಕೆ ನಡೆಯಬೇಕೆಂದು ಡ್ರಮ್ಮರಿನ ಕಿವಿಗೆ ಒಂದು ಗುಂಡಿ ಸಿಕ್ಕಿಸುತ್ತಾರೆ, ಅದರೊಳಗೆ ಟಕ್ ಟಕ್ ಎಂದು ತಾಳ ಬರುತ್ತಿರುತ್ತದೆ, ಅದಕ್ಕೆ ಸರಿಯಾಗಿ ಬಾರಿಸಬೇಕು. ತಾಲೀಮಿನ ಮೊದಲ ದಿನ ಇವರ ಕಿವಿಗೂ ಸಿಕ್ಕಿಸಿದರು. ಇವರು ತಲೆಯಾಡಿಸಿದರು. ಬಾರಿಸಿದರು. ದೀಪ ಒಂದು ಕಡೆ, ಇವರು ಒಂದು ಕಡೆ. ಮತ್ತೆ ಬಾರಿಸಿದರು. ಕಂಪನಿಯವನು ಬಂದು ಗುಂಡಿಯ ಸದ್ದು ಏರಿಸಿದ. ಇನ್ನಷ್ಟು ಏರಿಸಿದ. ಪಕ್ಕದಲ್ಲಿ ನಿಂತವರಿಗೆ ಆ ಟಕ್ ಟಕ್ ಕೇಳಿಸುತ್ತಿತ್ತಂತೆ, ಇವರಿಗೆ ಇಲ್ಲ. ಡುಮ್ಮ ಇದನ್ನು ಹೇಳುವಾಗ ಮೂಗು ಒರೆಸಿಕೊಳ್ಳುತ್ತಿದ್ದ. ನವಿಲು ಬಂದು ಇವರ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದನಂತೆ. ಮತ್ತೆ ಕರೆದನಂತೆ. ಬೋರ್ಡು ತಿರುಗಿಸಿದ ಹಾಗೆ ಆಯಿತು.

ಹೊಸ ಡ್ರಮ್ಮರ್ ಒಬ್ಬಳು ಬಂದಳು. ಒಳ್ಳೆಯ ಹುಡುಗಿ, ಅದೇ ನನಗೆ ಕಷ್ಟ. ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಇರುತ್ತಿದ್ದೆ. ನನ್ನ ಗಂಡ ಮನೆಯಲ್ಲಿ ಕೂತರು. ಅಡಿಗೆಮನೆಯ ಮೇಜು, ದಿಂಬು, ತೊಡೆ, ಸಿಕ್ಕಿದ್ದನ್ನೆಲ್ಲ ಬಾರಿಸುತ್ತಿದ್ದರು. ಊಟ ಮಾಡುತ್ತಲೇ ಕೈ ನಿಂತುಹೋಗುತ್ತಿತ್ತು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಸುಮ್ಮನಿರುವವರ ಜೊತೆ ಜಗಳ ಹೇಗೆ ಆಡುವುದು?

ಡುಮ್ಮ ಮಾತ್ರ ಬಿಡಲಿಲ್ಲ. ಕಂಪನಿಯವರ ಜೊತೆ, ನವಿಲಿನ ಜೊತೆ ಗುದ್ದಾಡಿ ಒಂದು ಮಾತು ಗಿಟ್ಟಿಸಿಕೊಂಡು ಬಂದ. ಸುತ್ತಾಟದ ಕೊನೆಗೆ ನಮ್ಮ ಊರಿನಲ್ಲಿ ಎರಡು ಸಂಜೆ ಕಾರ್ಯಕ್ರಮ. ಎರಡನೆಯ ಸಂಜೆ ಆ ಒಂದೇ ಒಂದು ಹಾಡಿಗೆ ಗುಡುಗಣ್ಣ ಬಂದು ಕೂರಲಿ. ಕಿವಿಯಲ್ಲಿ ಗುಂಡಿ ಬೇಡ, ನವಿಲು ಇವರ ಕಡೆ ತಿರುಗಿಯೇ ಹಾಡುತ್ತಾನೆ.

“ಒಂದೇ ಹಾಡು, ಅತ್ತಿಗೆ,” ಎಂದ. “ಆದ್ರೆ ಅದೇ ಹಾಡು.”

ಮುಳುಗುವವನಿಗೆ ಹುಲ್ಲುಕಡ್ಡಿ. ನನ್ನ ಗಂಡ ಅವತ್ತು ಗಡ್ಡ ಬೋಳಿಸಿಕೊಂಡರು. ಕನ್ನಡಿಯ ಮುಂದೆ ನನ್ನನ್ನು ನಿಲ್ಲಿಸಿ ‘ಹೋಗು’ ಎನ್ನು, ‘ಹೋಗು’ ಎನ್ನು ಎಂದು ಪ್ರಾಣ ತಿಂದರು. ನನ್ನ ತುಟಿ ಸುತ್ತಿದ ಕೂಡಲೇ ಮೇಜಿನ ಮೇಲೆ ಕೋಲು ಬೀಳುತ್ತಿತ್ತು, ಒಂದು ಸಲವೂ ತಪ್ಪಲಿಲ್ಲ. “ನೋಡು, ಈ ಸಲ ಆ ಚೂರೂ ತಡ ಇಲ್ಲ,” ಎಂದರು. “ಅವತ್ತಿನ ತಪ್ಪು ತಿದ್ದಿ ತೋರಿಸ್ತೀನಿ. ಆಮೇಲೆ ಅವರೇ ಕರೀತಾರೆ.” ಜನ ಕಾಸು ಕೊಟ್ಟು ಬರುವುದು ಆ ತಪ್ಪಿಗೇ ಎಂದು ನನ್ನ ಬಾಯಿಗೆ ಬಂದಿತ್ತು. ಆ ಮುಖ ನೋಡಿ ನುಂಗಿಕೊಂಡೆ.

ಮೊದಲ ಸಂಜೆ ನಾವು ನೋಡಲು ಹೋದೆವು. ಮಾರನೆಯ ದಿನ ಎಲ್ಲಿ ಹತ್ತಬೇಕು, ಎಲ್ಲಿ ಕೂರಬೇಕು ನೋಡಿಕೊಳ್ಳಬೇಕಿತ್ತು. ಅವರು ಆ ಹಾಡನ್ನು ಎದುರಿನಿಂದ ನೋಡುತ್ತಿದ್ದುದು ಅದೇ ಮೊದಲು. ಸುತ್ತ ಸಾವಿರಾರು ಜನ. ಪರದೆಯ ಮೇಲೆ ನವಿಲಿನ ಬಾಯಿ ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು, ಪಕ್ಕದಲ್ಲೇ ಕೋಲು ಎತ್ತಿಕೊಂಡು ಕೂತ ಆ ಹುಡುಗಿ. ಪ್ರತಿ ಪದವನ್ನೂ ಇವರು ಆ ತುಟಿಯಿಂದ ಓದಿಕೊಳ್ಳುತ್ತ, ಹುಡುಗನ ಹಾಗೆ ತಲೆ ಆಡಿಸುತ್ತಿದ್ದರು. ಜನ ಮೊಬೈಲಿನ ದೀಪ ಎತ್ತಿ ಹಿಡಿದರು.

ನವಿಲಿನ ತುಟಿ ‘ಹೋಗು’ ಎಂದು ಸುತ್ತಿತು. ನನ್ನ ಗಂಡನ ಕೈ ತೊಡೆಯ ಮೇಲೆ ಬಿತ್ತು, ಸರಿಯಾಗಿ. ಹುಡುಗಿಯ ಕೋಲು ಬೀಳಲಿಲ್ಲ.

ಅವರು ನನ್ನ ಮೊಣಕೈ ಹಿಡಿದರು. “ಮರೆತುಬಿಟ್ಳು,” ಎಂದರು. ಗಟ್ಟಿಯಾಗಿಯೇ ಹೇಳಿದರು, ತಮ್ಮ ದನಿ ಎಷ್ಟೆಂದು ಅವರಿಗೆ ತಿಳಿಯುವುದಿಲ್ಲ. “ಪಾಪ, ಮರೆತುಬಿಟ್ಳು ಕಣೇ ಹುಡುಗಿ.” ಅವಳ ಭಯವನ್ನೆಲ್ಲ ತಾವೇ ಪಡುತ್ತಿದ್ದರು, ಕುರ್ಚಿಯಿಂದ ಅರ್ಧ ಎದ್ದಿದ್ದರು. ಪರದೆಯ ಮೇಲಿನ ಬಾಯಿ ನಡುಗಿತು. ಮುಚ್ಚಿತು. ಕೋಲು ಇನ್ನೂ ಮೇಲೆಯೇ ಇತ್ತು. ಮೈದಾನದಲ್ಲಿ ಒಂದು ದೀಪವೂ ಅಲುಗಲಿಲ್ಲ. ಅವರು ಒಮ್ಮೆ ಹುಡುಗಿಯನ್ನು, ಒಮ್ಮೆ ಜನರನ್ನು ನೋಡಿದರು, ಮತ್ತೆ ಹುಡುಗಿಯನ್ನು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು, ಕಾಯುವುದು ಎಲ್ಲರಿಗೂ ಬಾಯಿಪಾಠವಾಗಿತ್ತು. ಆಮೇಲೆ ಕೋಲು ಬಿತ್ತು. ನೆಲ ಅದುರಿತು, ಅದು ಅವರಿಗೂ ತಿಳಿಯಿತು.

ಅವರು ಮೆಲ್ಲಗೆ ಕೂತರು. ನನ್ನ ಕಡೆ ತಿರುಗಿದರು.

“ಅಷ್ಟು ಹೊತ್ತಾ?” ಎಂದರು.

ನಾನು ವೇದಿಕೆಯ ಕಡೆ ನೋಡಿದೆ.

“ಅವತ್ತು ನಾನು ಅಷ್ಟು ಹೊತ್ತು ಸುಮ್ನೆ ಕೂತಿದ್ನಾ? ನೀನು ಅಲ್ಲೇ ಇದ್ಯಲ್ಲ. ಹೇಳು.”

“ಹೌದು,” ಎಂದೆ, ತುಟಿ ಬಿಡಿಸಿ.

ಅವರು ತಮ್ಮ ಕೈಗಳನ್ನು ನೋಡಿಕೊಂಡರು. ತಮಗೆ ಎಷ್ಟು ಕೇಳುವುದಿಲ್ಲ ಎಂಬುದು ಅವರಿಗೆ ಡಾಕ್ಟರು ಹೇಳಿದಾಗ ಗೊತ್ತಾಗಿರಲಿಲ್ಲ, ಕೆಲಸ ಹೋದಾಗಲೂ ಗೊತ್ತಾಗಿರಲಿಲ್ಲ. ಆವಾಗ ಗೊತ್ತಾಯಿತು. ಇಷ್ಟು ದಿನ ಒಂದು ಚೂರಿನ ಮೇಲೆ ಕಟ್ಟಿಕೊಂಡಿದ್ದ ಆಸೆ ನನ್ನ ಕಣ್ಣ ಮುಂದೆಯೇ ಕುಸಿಯಿತು, ಹಿಡಿದು ನಿಲ್ಲಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

“ನಾಳೆ ನಾನು ಬರಲ್ಲ ಅಂತ ಡುಮ್ಮನಿಗೆ ಹೇಳ್ಬಿಡು,” ಎಂದರು. “ಸರಿಯಾಗಿ ಬಾರಿಸಿದ್ರೆ ಹಾಡು ಕೆಡುತ್ತೆ. ಅಷ್ಟೇ ಹೊತ್ತು ಕಾದು ತಪ್ಪಾಗಿ ಬಾರಿಸೋಕೂ ಕಿವಿ ಬೇಕು. ಅವಳಿಗೆ ಕೇಳಿಸುತ್ತೆ, ನನಗೆ ಕೇಳ್ಸಲ್ಲ.”

ಆಮೇಲೆ ಅತ್ತರು. ಮುಖ ಮುಚ್ಚಿಕೊಳ್ಳಲಿಲ್ಲ, ದನಿಯನ್ನೂ ಹಿಡಿಯಲಿಲ್ಲ. ನನ್ನ ಆಚೆ ಬದಿಗೆ ಕೂತ ಹೆಂಗಸು, ಯಾರೋ ಗುರುತಿಲ್ಲದವರು, ತಮ್ಮ ಕಣ್ಣನ್ನೂ ಒರೆಸಿಕೊಳ್ಳುತ್ತ ನನ್ನ ಕಡೆ ಬಾಗಿದರು. “ಅಳ್ಲಿ ಬಿಡಿ ಪಾಪ,” ಎಂದರು. “ಈ ಹಾಡೇ ಹಾಗೆ. ಆ ಮೌನ ಬಂದಾಗ ಯಾರಿಗೂ ತಡ್ಕೊಳೋಕೆ ಆಗಲ್ಲ.”

ನನ್ನ ಗಂಡ ಆ ಹೆಂಗಸಿನ ತುಟಿ ಅಲುಗಿದ್ದನ್ನು ನೋಡಿದ್ದರು, ನನ್ನ ಆಚೆ ಅಷ್ಟು ದೂರದ್ದನ್ನು ಕತ್ತಲಲ್ಲಿ ಓದಲಾಗಿರಲಿಲ್ಲ. “ಏನಂದ್ರು ಅವರು?” ಎಂದು ಕೇಳಿದರು.

“ಹಾಡು ತುಂಬಾ ಚೆನ್ನಾಗಿದೆಯಂತೆ,” ಎಂದೆ.

“ಹೌದಾ?” ಎಂದರು.